ಅಳತೆ ಕೂಗುವವಳು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ದೊಡ್ಡ ಟೈಲರಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಒಬ್ಬಳನ್ನು ಬಿಟ್ಟು. ಅಕ್ಕ ಬಾಗಿಲಲ್ಲಿ ನಿಂತರೆ ಹಗಲಲ್ಲೂ ಅಂಗಡಿಗೆ ಲೈಟು ಹಾಕಬೇಕಾಗುತ್ತೆ ಎಂದು ಹೇಳಿದವಳು ಅವಳ ಸ್ವಂತ ತಂಗಿ, ಚಿಕ್ಕ ಟೈಲರಮ್ಮ. ಹಾಗೆ ಹೇಳಿ ಬೆನ್ನಿಗೊಂದು ಗುದ್ದು ತಿಂದವಳೂ ಅವಳೇ.

ಅಕ್ಕ ತಂಗಿ ಇಬ್ಬರೇ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಕಾಯಬೇಕಾದಂಥ ಕಿರಿದಾದ ಮರದ ಮೆಟ್ಟಿಲು. ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ, ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳು ತಮ್ಮನ್ನು ತಾವು ನೋಡಿಕೊಂಡು ಮೆಚ್ಚಿಕೊಳ್ಳಲೆಂದು ಆಳೆತ್ತರದ ಕನ್ನಡಿ. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಮದುವೆಯ ಕೋಟು, ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ಅಂಗಿಯನ್ನು ಸಡಿಲ ಮಾಡುವುದು, ಹೀಗೆ ಬಂದ ಕೆಲಸಕ್ಕೆ ಇಲ್ಲವೆನ್ನುವವರಲ್ಲ.

ಅವರ ಕೆಲಸಕ್ಕೊಂದು ಕ್ರಮವಿತ್ತು. ಗಿರಾಕಿ ಬಂದರೆ ಟೇಪು ಹಿಡಿಯುವವಳು ತಂಗಿ. ಅವಳು ಅಳೆದು ಅಂಕಿ ಕೂಗುತ್ತಾಳೆ. ಅಕ್ಕ ಮೇಜಿನ ಹಿಂದೆ ನಿಂತು, ತಲೆಯನ್ನೂ ಎತ್ತದೆ, ಅದೇ ಅಂಕಿಯನ್ನು ತಿರುಗಿ ಹೇಳಿ ಸೀಮೆಸುಣ್ಣದಿಂದ ಬಟ್ಟೆಯ ಮೂಲೆಯಲ್ಲಿ ಬರೆಯುತ್ತಾಳೆ. "ಎದೆ ಮೂವತ್ತಾರು." "ಮೂವತ್ತಾರು." "ತೋಳು ಇಪ್ಪತ್ತೆರಡು." "ಇಪ್ಪತ್ತೆರಡು." ಕೂಗಿದ ಅಳತೆಯನ್ನು ಇನ್ನೊಮ್ಮೆ ಅಳೆಯುವ ಪದ್ಧತಿ ಅಲ್ಲಿ ಇಲ್ಲವೇ ಇಲ್ಲ. ಯಾವನೋ ಮದುಮಗ ಒಮ್ಮೆ, "ಸೊಂಟ ಇನ್ನೊಂದ್ಸಲ ನೋಡ್ತೀರಾ? ಅಷ್ಟಿರಲ್ಲ ಅನ್ಸುತ್ತೆ," ಎಂದದ್ದಕ್ಕೆ ಅಕ್ಕ ಕನ್ನಡಕದ ಮೇಲಿಂದ ಅವನನ್ನು ನೋಡಿ, "ಅವಳು ಕೂಗಿದ್ದಾಳೆ ತಾನೆ? ಅಷ್ಟೇ ಇರುತ್ತೆ. ಉಸಿರು ಬಿಡಿ," ಎಂದಿದ್ದಳು. ಅವರಿಬ್ಬರ ಬಟ್ಟೆಗೂ ಇದೇ ಕ್ರಮ. ತನ್ನ ಅಳತೆಯನ್ನು ತಾನೇ ತೆಗೆದುಕೊಂಡರೆ ಕೈ ಎತ್ತಿದಾಗೊಂದು, ಬಗ್ಗಿದಾಗೊಂದು ಬರುತ್ತದೆಂದು ಅಕ್ಕನ ಅಳತೆ ತಂಗಿ, ತಂಗಿಯ ಅಳತೆ ಅಕ್ಕ ತೆಗೆಯುವುದು ರೂಢಿ.

ಇಂಥ ಮನೆಯಲ್ಲಿ ತಂಗಿಯ ಎರಡೂ ಕಿಡ್ನಿ ಕೈಕೊಟ್ಟವು.

ಮೊದಲು ಕಾಲು ಊದಿತು, ಆಮೇಲೆ ಮುಖ. ಯಂತ್ರ ತುಳಿದು ತುಳಿದು ಹಾಗಾಗಿದೆ ಎಂದುಕೊಂಡು ದಿನ ತಳ್ಳಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬಹಳ ತಡವಾಗಿತ್ತು. ಅಂದಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಪಕ್ಕದ ಬೇಕರಿಯವನು ಬ್ರೆಡ್ಡು ಹಂಚಲು ಹೋಗುವ ವ್ಯಾನಿನಲ್ಲಿ ಅವಳನ್ನು ಕೂರಿಸಿಕೊಂಡು ಹೋಗಿ ಇಳಿಸಿ, ಮಧ್ಯಾಹ್ನ ವಾಪಸು ತಂದು ಬಿಡುತ್ತಿದ್ದ. ಹೋಗುವಾಗ ಊದಿಕೊಂಡಿದ್ದವಳು ಬರುವಾಗ ಹಿಂಡಿದ ಬಟ್ಟೆಯ ಹಾಗಿರುತ್ತಿದ್ದಳು. ಕುಡಿಯುವ ನೀರಿಗೂ ಲೆಕ್ಕ. ತುಟಿ ಒಣಗಿ ಬಿರಿದಿದ್ದರೂ ನಗು ಮಾತ್ರ ಬಿಟ್ಟಿರಲಿಲ್ಲ.

ಅಕ್ಕ ಡಾಕ್ಟರಮ್ಮನ ಮುಂದೆ ಕೂತು ಹೇಳಿದ್ದು ಒಂದೇ ಮಾತು: "ನನ್ನ ಹತ್ರ ಎರಡಿದೆಯಲ್ಲ, ಒಂದು ತಗೊಳ್ಳಿ." ಪರೀಕ್ಷೆಗಳಾದವು. ರಕ್ತ ಹೊಂದಿತು, ಉಳಿದದ್ದೂ ಹೊಂದಿತು. ಹೊಂದದೆ ಹೋದದ್ದು ತೂಕ ಒಂದೇ.

"ತೊಂಬತ್ತೆಂಟು ಕೆಜಿ ಇದ್ದೀರ. ಎಂಬತ್ತಕ್ಕೆ ಇಳಿಯದೆ ನಿಮ್ಮನ್ನ ಆಪರೇಷನ್‌ಗೆ ಮಲಗಿಸಲ್ಲ," ಎಂದರು ಡಾಕ್ಟರಮ್ಮ. "ತಂಗಿ ಎಷ್ಟು ಮುಖ್ಯಾನೋ ನೀವೂ ಅಷ್ಟೇ ಮುಖ್ಯ. ನಿಧಾನವಾಗಿ ಇಳಿಸಿ. ಆದ್ರೆ ಬಿಡಬೇಡಿ. ಕಾದಷ್ಟೂ ಅವರ ದೇಹ ಸೋಲುತ್ತೆ."

ಆಹಾರದ ಸಲಹೆ ಕೊಡುವ ಹುಡುಗಿಯೊಬ್ಬಳಿದ್ದಳು, ಕಡ್ಡಿಯಂಥವಳು. ಏನು ತಿನ್ನಬೇಕು, ಏನು ಬಿಡಬೇಕು, ಎಷ್ಟು ನಡೆಯಬೇಕು ಎಲ್ಲ ಹೇಳಿ, ಕೊನೆಗೆ ಬೆರಳೆತ್ತಿ ಎಚ್ಚರಿಸಿದಳು: "ದಿನಾ ತೂಕ ನೋಡಿ ತಲೆ ಕೆಡಿಸ್ಕೋಬೇಡಿ. ವಾರಕ್ಕೊಂದ್ಸಲ. ಅದೇ ದಿನ, ಅದೇ ಹೊತ್ತು, ಖಾಲಿ ಹೊಟ್ಟೇಲಿ, ಅದೇ ಮಷೀನಲ್ಲಿ. ಕಂಡಕಂಡ ಮಷೀನು ಹತ್ತಿದ್ರೆ ಒಂದೊಂದು ಒಂದೊಂದು ಹೇಳುತ್ತೆ." ಅಕ್ಕನಿಗೆ ಈ ಮಾತು ಬಹಳ ಹಿಡಿಸಿತು. ಒಂದೇ ಟೇಪಿನಿಂದ ಅಳೆಯಬೇಕೆನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಬರುವ ದಾರಿಯಲ್ಲೇ ಮುಳ್ಳು ತಿರುಗುವಂಥ ಚಪ್ಪಟೆ ತೂಕದ ಮಷೀನೊಂದನ್ನು ಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಬಂದಳು.

ಭಾನುವಾರ ಬೆಳಿಗ್ಗೆ ಮೊದಲ ಆರೋಹಣ. ಅಕ್ಕ ಒಂದು ಹಳೆಯ ತೆಳು ಗೌನು ತೊಟ್ಟು, ಕಿವಿಯೋಲೆ ಬಿಚ್ಚಿಟ್ಟಳು. ಕೊರಳಿಗೆ ಸದಾ ಜೋತುಬಿದ್ದಿರುವ ಟೇಪು ತೆಗೆದಳು, ತಲೆಯ ಪಿನ್ನುಗಳನ್ನೂ ತೆಗೆದಳು. ಆಮೇಲೆ ಕನ್ನಡಕವನ್ನೂ ತೆಗೆದು ಕಿಟಕಿಯಲ್ಲಿ ಇಟ್ಟಳು.

"ಕನ್ನಡಕ ಎಷ್ಟು ತೂಗುತ್ತೆ ಅಕ್ಕಾ?" ತಂಗಿ ನಕ್ಕಳು.

"ಎಷ್ಟಾದ್ರೂ ತೂಗಲಿ. ಅದು ನಾನಲ್ಲ."

ಹತ್ತಿ ನಿಂತಮೇಲೆ ಗೊತ್ತಾದದ್ದು ಏನೆಂದರೆ, ಕನ್ನಡಕವಿಲ್ಲದೆ ಅವಳಿಗೆ ಅಂಕಿ ಕಾಣದು. ಕನ್ನಡಕವಿದ್ದರೂ ನಡುವೆ ಹೊಟ್ಟೆ ಅಡ್ಡ. ಹೊಟ್ಟೆಯನ್ನು ದಾಟಿ ನೋಡೋಣವೆಂದು ಬಗ್ಗಿದರೆ ಮುಳ್ಳು ಕುಣಿದಾಡುತ್ತದೆ. ತಂಗಿ ನೆಲಕ್ಕೆ ಮಂಡಿಯೂರಿ ನೋಡಿ ಕೂಗಿದಳು, "ತೊಂಬತ್ತೆಂಟು." ಅಕ್ಕ ಗೋಡೆ ನೋಡುತ್ತ, "ತೊಂಬತ್ತೆಂಟು," ಎಂದಳು. ಅಂಗಡಿಯ ಕ್ರಮವೇ ಮೇಲಿನ ಕೋಣೆಗೂ ಬಂತು.

ಅಕ್ಕನ ಹಟ ಎಂಥದ್ದೆಂದು ಬೀದಿಗೆ ಆಗ ಗೊತ್ತಾಯಿತು. ಟೀಗೆ ಸಕ್ಕರೆ ನಿಂತಿತು. ಯಂತ್ರದ ಪಕ್ಕ ಇರುತ್ತಿದ್ದ ಬಿಸ್ಕತ್ತಿನ ಡಬ್ಬದಲ್ಲಿ ಗುಂಡಿಗಳು ಬಂದು ಕೂತವು. ಅಭ್ಯಾಸಬಲದಿಂದ ಒಮ್ಮೆ ಕೈಹಾಕಿ ಕೋಟಿನ ಗುಂಡಿಯೊಂದನ್ನು ಬಾಯಿಗೆ ಎಸೆದುಕೊಂಡು ಕಡಿದದ್ದೂ ಉಂಟು. ಬೆಳಕು ಹರಿಯುವ ಮೊದಲೇ ಎದ್ದು ರೈಲ್ವೆ ಗೇಟಿನ ತನಕ ನಡೆದು ಬರುತ್ತಿದ್ದಳು. ಮೊದಮೊದಲು ಏದುಸಿರು ಬಿಡುತ್ತ ಮೂರು ಕಡೆ ಕೂರುತ್ತಿದ್ದವಳು ಬರಬರುತ್ತ ಒಂದೇ ಉಸಿರಿಗೆ ಹೋಗಿಬರುವಂತಾದಳು. ಭಾನುವಾರದ ಅಂಕಿಗಳೂ ಮಾತು ಕೇಳಿದವು. ತೊಂಬತ್ತೇಳು, ತೊಂಬತ್ತೈದೂವರೆ, ತೊಂಬತ್ಮೂರು. ಪ್ರತಿ ಅಂಕಿಗೂ ಅಕ್ಕ ಮಷೀನಿನಿಂದ ಇಳಿದು ತಂಗಿಯ ಕೆನ್ನೆ ಹಿಂಡುತ್ತಿದ್ದಳು. "ನೋಡ್ತಿರು ಪುಟ್ಟಿ. ಇನ್ನು ಸ್ವಲ್ಪ ದಿನ."

ಆಮೇಲೆ ತೊಂಬತ್ತಕ್ಕೆ ಬಂದು ಗಾಡಿ ಕೆಟ್ಟು ನಿಂತಿತು.

"ತೊಂಬತ್ತು," ಎಂದಳು ತಂಗಿ ಒಂದು ಭಾನುವಾರ. ಮರುವಾರವೂ ತೊಂಬತ್ತು, ಅದರ ಮರುವಾರವೂ. ಋತು ಬದಲಾಯಿತು, ಶಾಲೆಯ ಸಮವಸ್ತ್ರದ ಗಲಾಟೆ ಬಂದು ಹೋಯಿತು. ಅಕ್ಕನ ತೂಕ ಅಲುಗಾಡಲಿಲ್ಲ. ಒಮ್ಮೊಮ್ಮೆ ತಂಗಿ "ಎಂಬತ್ತೊಂಬತ್ತೂವರೆ" ಎಂದು ಒಂದಿಷ್ಟು ಆಸೆ ತೋರಿಸುತ್ತಿದ್ದಳು, ಮುಂದಿನ ವಾರ ಮತ್ತೆ ತೊಂಬತ್ತು.

"ಸಾಕು ಬಿಡಕ್ಕ," ಎಂದಳು ತಂಗಿ ಒಂದು ದಿನ, ನೆಲದಿಂದ ಏಳುತ್ತ. "ಕೆಲವರ ದೇಹವೇ ಹಾಗಂತೆ. ನಿನ್ನ ಕೈಲಾದಷ್ಟು ಮಾಡಿದೆ. ನಾನು ಹೀಗೇ ಇರ್ತೀನಿ. ಎಷ್ಟೋ ಜನ ಇದ್ದಾರೆ ಹೀಗೆ."

"ಬಾಯಿ ಮುಚ್ಚು," ಎಂದಳು ಅಕ್ಕ. ಅಂದಿನಿಂದ ಮಧ್ಯಾಹ್ನದ ಊಟ ಅರ್ಧಕ್ಕಿಳಿಯಿತು. ಇನ್ನೊಂದು ವಾರಕ್ಕೆ ಸಂಜೆಯ ಬ್ರೆಡ್ಡೂ ಹೋಯಿತು. ರೈಲ್ವೆ ಗೇಟು ದಾಟಿ ಸೇತುವೆಯ ತನಕ ನಡಿಗೆ ಬೆಳೆಯಿತು.

ಬೀದಿಯವರು ಬೇರೆಯೇ ಮಾತಾಡುತ್ತಿದ್ದರು. "ಏನಮ್ಮಾ, ಅರ್ಧ ಆಗೋಗಿದ್ದೀರಲ್ಲ? ಹುಷಾರಾಗಿದ್ದೀರಾ?" ಎಂದು ಬೇಕರಿಯವನು ಕೇಳಿದರೆ, ಬನ್ನು ಮಾರುವ ಉಪಾಯ ಇದು ಎಂದುಕೊಂಡು ಅಕ್ಕ ಮುಖ ತಿರುಗಿಸಿದಳು. ಅವರ ಮಾತನ್ನು ಅವಳು ನಂಬುವುದಾದರೂ ಹೇಗೆ? ತೊಟ್ಟ ಗೌನು ಮೈಗೆ ಮೊದಲಿನಷ್ಟೇ ಬಿಗಿಯಾಗಿತ್ತು. "ಜನ ಏನಾದ್ರೂ ಅನ್ನಲಿ, ಬಟ್ಟೆ ಸುಳ್ಳು ಹೇಳಲ್ಲ," ಎಂದು ತಂಗಿಯ ಹತ್ತಿರವೇ ಹೇಳಿಕೊಂಡು ನಿಟ್ಟುಸಿರು ಬಿಟ್ಟಳು. ತಂಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಂದು ಆ ದಾರ ಸೂಜಿಯ ಕಣ್ಣಿಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಇನ್ನು ಆಳೆತ್ತರದ ಕನ್ನಡಿಯೊಂದಿತ್ತಲ್ಲ ಎಂದು ನೀವು ಕೇಳಬಹುದು. ಅದು ಗಿರಾಕಿಗಳದ್ದು. ಅಕ್ಕ ಅದರಲ್ಲಿ ನೋಡುತ್ತಿದ್ದದ್ದು ಅವರ ಭುಜ ಸರಿಯಾಗಿ ಕೂತಿದೆಯೇ ಎಂದು ಮಾತ್ರ.

ಅವಳ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ತನ್ನ ಹೊಟ್ಟೆಯೇ ತಂಗಿಯನ್ನು ತಿನ್ನುತ್ತಿದೆ ಎಂದು ಅವಳಿಗೆ ಅನ್ನಿಸತೊಡಗಿತ್ತು. ಡಯಾಲಿಸಿಸ್ಸಿನಿಂದ ಬಂದ ತಂಗಿ ಮೆಟ್ಟಿಲ ಬುಡದಲ್ಲಿ ನಿಂತು, ಹತ್ತಲು ಧೈರ್ಯ ತಂದುಕೊಳ್ಳುವುದನ್ನು ನೋಡಿದಾಗಲೆಲ್ಲ ಅವಳಿಗೆ ತನ್ನ ಮೈಮೇಲೆ ಅಸಹ್ಯ ಹುಟ್ಟುತ್ತಿತ್ತು. ಒಬ್ಬಳೇ ಇದ್ದಾಗ ಹೊಟ್ಟೆಯನ್ನು ಗುದ್ದಿಕೊಂಡು, "ನಿನಗೆ ನಾಚಿಕೆ ಇಲ್ವಾ?" ಎಂದು ಬೈಯುತ್ತಿದ್ದಳು. ತಂಗಿ ಮಾಡಿಕೊಡುವ ತರಕಾರಿ ಸೂಪು ಮಾತ್ರ ಯಾಕೋ ದಿನದಿನಕ್ಕೆ ರುಚಿಯಾಗುತ್ತಿತ್ತು. "ಬರೀ ತರಕಾರಿ ಇಷ್ಟು ರುಚಿ ಇರುತ್ತೇನೇ?" ಎಂದರೆ ತಂಗಿ, "ಹಸಿದವರಿಗೆ ಎಲ್ಲ ರುಚಿ. ಕುಡಿ ಸುಮ್ನೆ," ಎನ್ನುತ್ತಿದ್ದಳು. ಅದರಲ್ಲಿ ಬೆಣ್ಣೆ ಕರಗಿರುತ್ತಿತ್ತೆಂಬುದು ಅಕ್ಕನಿಗೆ ತಿಳಿಯಲು ಇನ್ನೂ ಸಮಯವಿತ್ತು.

ಆ ಸಮಯ ಬಂದದ್ದು ಒಂದು ಡಯಾಲಿಸಿಸ್ ದಿನ. ತಂಗಿ ಆಸ್ಪತ್ರೆಯಲ್ಲಿದ್ದಳು. ಅಕ್ಕ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಕೋಟಿನ ಬಟ್ಟೆಯ ದಪ್ಪ ಸುರುಳಿಯನ್ನು ಎಳೆಯುತ್ತಿದ್ದಾಗ ಕಣ್ಣು ಕತ್ತಲೆ ಬಂತು. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಅರ್ಧ ಸೇಬು. ಹಲಗೆಯನ್ನು ತಬ್ಬಿ ಹೇಗೋ ಬೀಳದೆ ಉಳಿದಳು. ಆದರೆ ಗೌನಿನ ಪಕ್ಕದ ಹೊಲಿಗೆ ಕಂಕುಳಿಂದ ಸೊಂಟದವರೆಗೆ ಪರ್ರೆಂದು ಬಿಚ್ಚಿಕೊಂಡಿತು. ಇಳಿದು, ನೀರು ಕುಡಿದು, ಸುಧಾರಿಸಿಕೊಂಡು, ಗೌನು ಬದಲಿಸಿ, ಹರಿದದ್ದನ್ನು ಹೊಲಿಯಲೆಂದು ಒಳಗು ಹೊರಗು ಮಾಡಿದಳು.

ಅಲ್ಲಿದ್ದದ್ದು ಒಂದೇ ಹೊಲಿಗೆಯಲ್ಲ. ತಾನು ಹಾಕಿದ ಮೊದಲ ಹೊಲಿಗೆಯ ಒಳಗೆ ಇನ್ನೊಂದು, ಅದರ ಒಳಗೆ ಮತ್ತೊಂದು, ಹೀಗೆ ಸಾಲುಸಾಲಾಗಿ ಒಳಕ್ಕೆ ಸರಿದುಬಂದಿದ್ದವು. ಪ್ರತಿ ಸಾಲಿನ ಕೊನೆಯಲ್ಲೂ ಯಂತ್ರ ಎರಡು ಬಾರಿ ಹಿಂದಕ್ಕೆ ಹೋಗಿ ಬಂದ ಗುರುತು. ಹಾಗೆ ಮುಗಿಸುವವಳು ಈ ಪ್ರಪಂಚದಲ್ಲಿ ಒಬ್ಬಳೇ. ಅಕ್ಕ ಮೈಮೇಲಿದ್ದ ಗೌನನ್ನು ತಿರುಗಿಸಿ ನೋಡಿದಳು. ಅದೂ ಹಾಗೆ. ಮೇಲಿನ ಕೋಣೆಯ ಕಪಾಟಿನಲ್ಲಿದ್ದವೂ ಹಾಗೆ. ತಾನು ಬೆಳಿಗ್ಗೆ ನಡೆಯಲು ಹೋದಾಗ ತಂಗಿ ಕೂತು ಒಂದೊಂದನ್ನೇ ಬಿಗಿ ಮಾಡಿದ್ದಳು, ವಾರ ವಾರವೂ.

ಅವಳು ಕನ್ನಡಕ ಹಾಕಿಕೊಂಡೇ ತೂಕದ ಮಷೀನು ಹತ್ತಿದಳು. ಭಾನುವಾರವಲ್ಲ, ಬೆಳಗಿನ ಹೊತ್ತಲ್ಲ, ಹತ್ತಬಾರದ ಹೊತ್ತು. ತಲೆ ಬಗ್ಗಿಸಿದರೆ ಕಾಲ್ಬೆರಳು ಕಂಡವು. ಬೆರಳುಗಳ ಮುಂದೆ ಮುಳ್ಳು ಎಪ್ಪತ್ತೊಂಬತ್ತರ ಮೇಲೆ ನಿಂತಿತ್ತು.

ಅವಳು ಇಳಿದು ಮತ್ತೆ ಹತ್ತಿದಳು. ಎಪ್ಪತ್ತೊಂಬತ್ತೇ.

ಬೇಕರಿಯ ವ್ಯಾನು ಬಂದು ನಿಂತಾಗ ಮೇಜಿನ ಮೇಲೆ ಮೂರು ಗೌನುಗಳು ಒಳಗು ಹೊರಗಾಗಿ ಬಿದ್ದಿದ್ದವು. ತಂಗಿ ಬಾಗಿಲು ದೂಡಿಕೊಂಡು ಬಂದವಳು ಅವನ್ನು ನೋಡಿ ಅಲ್ಲೇ ನಿಂತಳು. ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಎಷ್ಟು ದಿನದಿಂದ?"

ತಂಗಿ ಹತ್ತಿರ ಬಂದು ಒಂದು ಗೌನನ್ನು ಮಡಿಸಲು ಹೋದಳು, ಅಕ್ಕ ಕಿತ್ತುಕೊಂಡಳು.

"ಸುಳ್ಳು ಹೇಳಿದೆ ಅಂತ ನನಗೆ ಬೇಜಾರಿಲ್ಲ ಕಣೇ. ಸಣ್ಣವಳಿದ್ದಾಗಿಂದ ನೀನು ಸುಳ್ಳಿ. ಆದ್ರೆ ಅಳತೆ ತಪ್ಪು ಕೂಗಿದ್ಯಲ್ಲೇ! ನೀನು! ನಾನು ತಲೆ ಎತ್ತಿ ಕೂಡ ನೋಡ್ಲಿಲ್ಲ. ಈ ಹೊಟ್ಟೆನ ಎಷ್ಟು ಬೈದೆ, ಎಷ್ಟು ಗುದ್ದಿದೆ ಗೊತ್ತಾ?"

"ನೀನು ಬೇಸತ್ತು ಬಿಟ್ಟುಬಿಡ್ತೀಯ ಅಂದ್ಕೊಂಡೆ," ಎಂದಳು ತಂಗಿ ಸಣ್ಣ ದನಿಯಲ್ಲಿ. "ನೀನೋ, ಊಟಾನೇ ಬಿಟ್ಟೆ. ತೊಂಬತ್ತು ಅಂದಷ್ಟೂ ನೀನು ಕಮ್ಮಿ ತಿಂದೆ. ನಿಜ ಹೇಳಿದ್ರೆ ಆಸ್ಪತ್ರೆಗೆ ಓಡ್ತೀಯ, ಹೇಳದಿದ್ರೆ ಉಪವಾಸ ಬೀಳ್ತೀಯ. ನಾನೇನು ಮಾಡ್ಲಿ? ಸೂಪಿಗೆ ಬೆಣ್ಣೆ ಹಾಕಿದೆ."

ಸಿಟ್ಟಿನ ನಡುವೆಯೂ ಅಕ್ಕನಿಗೆ ನಗು ನುಗ್ಗಿ ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು, "ಯಾಕೆ ಹೀಗ್ಮಾಡ್ದೆ ಅದನ್ನ ಹೇಳು," ಎಂದಳು.

ತಂಗಿ ಯಂತ್ರದ ಸ್ಟೂಲಿನ ಮೇಲೆ ಕುಸಿದಳು. ಡಯಾಲಿಸಿಸ್ಸಿನ ಸೂಜಿ ಚುಚ್ಚಿದ ಕೈಗೆ ಬಿಳಿ ಪಟ್ಟಿ ಸುತ್ತಿತ್ತು. "ಬುದ್ಧಿ ಬಂದಾಗಿಂದ ನಾನು ತೊಟ್ಟಿದ್ದು ನಿನ್ನ ಬಟ್ಟೆ ಅಕ್ಕ. ನಿನ್ನ ಅಂಗಿ ಬಿಚ್ಚಿ ನನಗೆ ಹೊಲಿದೆ, ನಿನ್ನ ಕೋಟು ಬಿಚ್ಚಿ ನನಗೆ ಹೊಲಿದೆ. ನಾನೂ ಕುಣಿದಾಡ್ಕೊಂಡು ತೊಟ್ಟೆ. ಈಗ ನಿನ್ನನ್ನೇ ಬಿಚ್ಚಿ ನನಗೆ ಹೊಲೀತಾರೆ ಅಂದ್ರೆ ಹೇಗೆ ತೊಟ್ಕೊಳ್ಲಿ? ಆ ಟೇಬಲ್ ಮೇಲಿಂದ ನೀನು ಏಳದೇ ಹೋದ್ರೆ? ಆಮೇಲೆ ನಾನು ಬದುಕಿ ಏನ್ ಮಾಡ್ಲಿ?"

ಅಕ್ಕನ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಬಂದು ತಂಗಿಯ ಎದುರು ನೆಲದ ಮೇಲೆ ಕೂತಳು. ಹಾಗೆ ನೆಲಕ್ಕೆ ಕೂರಲು ಅವಳಿಗೆ ಸಾಧ್ಯವಾಗಿ ಎಷ್ಟು ವರ್ಷಗಳಾಗಿದ್ದವೋ.

"ನೀನು ಹೋದ್ರೆ ನಾನೇನು ಮಾಡ್ಲಿ? ಅದನ್ನ ಯೋಚ್ನೆ ಮಾಡಿದ್ಯಾ?" ಎಂದಳು. "ನಿನಗೋಸ್ಕರ ಕೊಡ್ತಿದೀನಿ ಅಂತ ದೊಡ್ಡ ಮನುಷ್ಯರ ಥರ ಓಡಾಡ್ತಿದ್ದೆ. ಅದು ಸುಳ್ಳು ಪುಟ್ಟಿ. ನನಗೋಸ್ಕರ. ಈ ಮನೇಲಿ ಒಬ್ಬಳೇ ಮೆಟ್ಟಿಲು ಹತ್ತೋಕೆ ನನ್ನ ಕೈಲಾಗಲ್ಲ. ನೀನು ಡಯಾಲಿಸಿಸ್‌ಗೆ ಹೋದ ದಿನ, ಮಧ್ಯಾಹ್ನದ ತನಕ, ನನಗೆ ಈ ಅಂಗಡಿ ಸಾಕಾಗಿಹೋಗುತ್ತೆ. ಆ ಮಧ್ಯಾಹ್ನ ಮುಗಿಯೋದೇ ಇಲ್ಲ ಅಂದ್ರೆ?"

ತಂಗಿ ಅಳುತ್ತಿದ್ದಳು. ಅಕ್ಕನಿಗೆ ಆಗ ಒಂದು ವಿಷಯ ಹೊಳೆಯಿತು. ಇಷ್ಟು ದಿನವೂ ತಾನು ಡಾಕ್ಟರಮ್ಮನನ್ನು ಕೇಳಿದ್ದಳು, ಆಹಾರದ ಹುಡುಗಿಯನ್ನು ಕೇಳಿದ್ದಳು, ತನ್ನ ಹೊಟ್ಟೆಯನ್ನೂ ಕೇಳಿದ್ದಳು. ತೆಗೆದುಕೊಳ್ಳಬೇಕಾದವಳನ್ನು ಒಂದು ಸಲವೂ ಕೇಳಿರಲಿಲ್ಲ.

"ತಗೋತೀಯೇನೇ?" ಎಂದು ಕೇಳಿದಳು. "ಬೇಡ ಅಂದ್ರೆ ಬಲವಂತ ಮಾಡಲ್ಲ. ಆಣೆಗೂ ಮಾಡಲ್ಲ."

"ಗೊತ್ತಿಲ್ಲ ಅಕ್ಕ," ಎಂದಳು ತಂಗಿ.

ಎರಡು ದಿನ ಬಿಟ್ಟು ಇಬ್ಬರೂ ಆಸ್ಪತ್ರೆಗೆ ಹೋದರು. ಅಲ್ಲಿನ ಮಷೀನಿನಲ್ಲಿ ಅಂಕಿ ಕೆಂಪಗೆ ದೊಡ್ಡದಾಗಿ ತಾನೇ ಮೂಡುತ್ತಿತ್ತು, ಯಾರೂ ಕೂಗಬೇಕಾಗಿರಲಿಲ್ಲ. ಆಹಾರದ ಹುಡುಗಿ ಸಂತೋಷಪಡುವ ಬದಲು ಮುಖ ಗಂಟಿಕ್ಕಿ, "ಈಚೆಗೆ ಊಟಾನೇ ಮಾಡ್ತಿಲ್ಲ ಅಲ್ವಾ? ಹೀಗೆ ಇಳಿಸಿ ಅಂತ ನಾನು ಹೇಳಿದ್ನಾ?" ಎಂದು ಗದರಿದಳು. ದೊಡ್ಡ ಟೈಲರಮ್ಮ ತಪ್ಪು ಮಾಡಿದ ಮಗುವಿನ ಹಾಗೆ ನಿಂತು ಬೈಸಿಕೊಂಡಳು. ಡಾಕ್ಟರಮ್ಮ ಅಕ್ಕನ ಹತ್ತಿರ ಮಾತಾಡಿ ಮುಗಿಸಿ, "ಈಗ ತಂಗಿಯವರ ಹತ್ರ ಒಬ್ಬರ ಹತ್ರಾನೇ ಮಾತಾಡ್ಬೇಕು. ನೀವು ಹೊರಗಿರಿ," ಎಂದರು.

ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಹೋದವಳು ಏನು ಹೇಳುತ್ತಾಳೆಂದು ಅವಳಿಗೆ ತಿಳಿದಿರಲಿಲ್ಲ. ಹುಟ್ಟಿದ ದಿನದಿಂದ ಎತ್ತಿ ಆಡಿಸಿದ ಹುಡುಗಿ. ಅವಳ ಕೆಮ್ಮಿನ ಬಗೆಯಿಂದಲೇ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಲ್ಲೆ ಎಂದುಕೊಂಡಿದ್ದವಳು ಇವಳು. ಈಗ ಒಂದು ಬಾಗಿಲು ನಡುವೆ ಬಂದು ಏನೂ ಗೊತ್ತಾಗದೆ ಕೂತಿದ್ದಳು. ಬೇಡ ಎಂದರೆ ಎಂದು ಯೋಚಿಸಿದಳು. ಬೇಡ ಎಂದರೆ ಸುಮ್ಮನೆ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಬೇಕು, ಒಂದು ಮಾತೂ ಆಡಬಾರದು.

ಬಾಗಿಲು ತೆರೆಯಿತು. ತಂಗಿ ಬಂದು ಪಕ್ಕದಲ್ಲಿ ಕೂತು, ಅಕ್ಕನ ಕಡೆ ನೋಡದೆ, ಎದುರಿನ ಗೋಡೆಗೆ ಹೇಳಿದಳು.

"ಹೂಂ ಅಂದೆ."

ಅಕ್ಕನಿಗೆ ಕೇಳಿಸಿತು, ಆದರೂ ಕೇಳಿಸದವಳ ಹಾಗೆ ಕೂತೇ ಇದ್ದಳು.

"ಹೂಂ ಅಂದೆ ಅಕ್ಕಾ. ಭಯ ಆಯ್ತು, ಆದ್ರೂ ಅಂದೆ." ತಂಗಿ ಎದ್ದು ಅವಳ ಎರಡೂ ಕೈ ಹಿಡಿದು ಎಳೆದಳು. "ಏಳು ಈಗ. ಕ್ಯಾಂಟೀನಿಗೆ ಬಾ. ನನ್ನ ಕಣ್ಣೆದುರಿಗೇ ಏನಾದ್ರೂ ತಿನ್ನು."

ದೊಡ್ಡ ಟೈಲರಮ್ಮ ಏಳಲು ಹೋದಳು, ಆಗಲಿಲ್ಲ. ಓಡಾಡುವ ನರ್ಸುಗಳ ನಡುವೆ, ಆ ಬೆಂಚಿನ ಮೇಲೆ, ಬಾಯಿಬಿಟ್ಟು ಗಟ್ಟಿಯಾಗಿ ಅತ್ತಳು. ಇಷ್ಟೆಲ್ಲ ಕಾಲದಲ್ಲಿ ಅವಳು ಅತ್ತದ್ದು ಅದೇ ಮೊದಲು. ತಂಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಅಳು ಮುಗಿಯುವ ತನಕ ಹಾಗೇ ನಿಂತಿದ್ದು, ಆಮೇಲೆ ಊಟಕ್ಕೆ ಕರೆದುಕೊಂಡು ಹೋದಳು.